ಕಣ್ಣೆತ್ತಿ ನೋಡಿದ್ದು

ಮಕೊಕೋಬಾ, ಬುಲವಾಯೊ
೧೪ ಆಗಸ್ಟ್ ೧೯೯೪

ಪ್ರೀತಿಯ ದುಮೀಸೊ ಅವರಿಗೆ,

ನಿಮ್ಮ ಸಿಕೆತಿವೆ ಮಾಡುವ ನಮಸ್ಕಾರ. ಕಾಗದ ತಡವಾಯ್ತು, ಬೈಬೇಡಿ. ಫ್ರಾನ್ಸಿಸ್‌ಟೌನಿನ ಗ್ಯಾರೇಜಿನಲ್ಲಿ ಕೂತು ದಾರಿ ಕಾದಿರ್ತೀರಿ, ಗೊತ್ತು. ಈ ನಾಟಕದಿಂದ ನನ್ನ ತಲೆ ಕೆಟ್ಟು ಕೆರ ಹಿಡಿದಿದೆ.

ಮಗಳ ಪಾತ್ರ ನನಗೇ ಸಿಕ್ಕಿದೆ ಅಂತ ಬರೆದಿದ್ದೆನಲ್ಲ? ಅದು ಕೈತಪ್ಪುವುದರಲ್ಲಿತ್ತು ಕಣ್ರೀ. ನಾಟಕ ಆಡಿಸುವ ಥೋಕೊ ಮೇಡಂ ಹೊಸ ಪಾಠ ಶುರು ಮಾಡಿದರು. ಇಬ್ಬರು ಎದುರುಬದುರು ನಿಲ್ಲಬೇಕು. ಎದುರಿನವರ ಮುಖದಲ್ಲಿ ಕಂಡದ್ದನ್ನು ಒಬ್ಬರು ಹೇಳಬೇಕು, ಅವರು ಅದನ್ನೇ ತಿರುಗಿ ಹೇಳಬೇಕು. ಮುಖ ಬದಲಾದರೆ ಮಾತೂ ಬದಲಾಗಬೇಕು. "ಕಲಿತ ಅಳು ನನಗೆ ಬೇಡ. ಎದುರಿಗಿರೋರನ್ನ ನೋಡು, ಬರೋದು ತಾನೇ ಬರುತ್ತೆ," ಅಂತಾರೆ. ನನ್ನೆದುರು ಅಪ್ಪನ ಪಾತ್ರದ ಸಿಬಿಂದಿ ತಾತ. ಅಂಥ ಹಿರಿಯರ ಮುಖ ನಾನು ಹೇಗೆ ನೋಡಲಿ, ನೀವೇ ಹೇಳಿ?

"ತಾತ, ನಿಮ್ಮ ಬೂಟಿನ ದಾರ ಬಿಚ್ಚಿದೆ," ಅಂದೆ.

"ನನ್ನ ಬೂಟಿನ ದಾರ ಬಿಚ್ಚಿದೆ," ಅಂದರು ತಾತ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ತಾತನಿಗೆ ಸಿಟ್ಟು ಬಂತು. "ಯಾಕ್ರಯ್ಯಾ ಹಲ್ಲು ಕಿರೀತೀರಿ? ಒಳ್ಳೆ ಮನೆ ಸೊಸೆ ಅಂದ್ರೆ ಹಿಂಗಿರ್ಬೇಕು!"

"ಒಳ್ಳೆ ಸೊಸೆಯನ್ನ ಕಟ್ಕೊಂಡು ನಾನೇನು ಮಾಡ್ಲಿ?" ಅಂದರು ಮೇಡಂ. "ಶುಕ್ರವಾರದೊಳಗೆ ಕಣ್ಣೆತ್ತದಿದ್ರೆ ಪಾತ್ರ ಬೇರೆಯವರಿಗೆ. ಮನೇಲಿ ಯಾರನ್ನಾದ್ರೂ ನೋಡಿ ಅಭ್ಯಾಸ ಮಾಡ್ಕೋ, ಹೋಗಮ್ಮ."

ಮನೆಯಲ್ಲಿ ಇರುವುದು ನಿಮ್ಮ ಅಮ್ಮ ಒಬ್ಬರೇ! ಮದುವೆಯಾಗಿ ಬಂದ ಹೊಸದರಲ್ಲಿ ಅಪ್ಪಿತಪ್ಪಿ ಒಂದು ಸಲ ಮುಖ ನೋಡಿದ್ದಕ್ಕೆ, "ಏನೇ, ನನ್ನ ಮುಖದ ಮೇಲೆ ಕೋತಿ ಕುಣೀತಿದೆಯಾ?" ಅಂತ ಬೀದಿಗೆಲ್ಲ ಕೇಳೋ ಹಾಗೆ ಬೈದವರು. ಅಂದಿನಿಂದ ಮೊಣಕಾಲೂರಿ ತಟ್ಟೆ ಕೊಡುವಾಗ, ಕೈಗೆ ನೀರು ಹಾಕುವಾಗ, ನಾನು ಕಂಡದ್ದು ಅವರ ಕೈಗಳನ್ನು ಮಾತ್ರ.

ಬುಧವಾರ ಅಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದರು. ಧೈರ್ಯ ಮಾಡಿ ಕಣ್ಣೆತ್ತಿದೆ. ಬೈಗುಳ ಬರಲಿಲ್ಲ. ಇನ್ನೂ ನೋಡಿದೆ. ಊಹೂಂ! ನನಗೇ ದಿಗಿಲಾಯಿತು. ನನ್ನ ಮೇಲೆ ಪ್ರೀತಿ ಬಂತೋ, ಬೈದೂ ಬೈದೂ ಸಾಕಾಯಿತೋ, ಒಂದೂ ತಿಳಿಯಲಿಲ್ಲ.

ಶುಕ್ರವಾರ ತಾತನ ಮುಖ ನೋಡಿದೆ. "ನಿಮ್ಮ ಕಣ್ಣು ನನ್ನನ್ನೇ ನೋಡ್ತಿದೆ," ಅಂದೆ.

"ನನ್ನ ಕಣ್ಣು ನಿನ್ನನ್ನೇ ನೋಡ್ತಿದೆ," ಅಂದರು ತಾತ.

ಅಷ್ಟಕ್ಕೇ ಗೊಳೋ ಅಂತ ಅತ್ತುಬಿಟ್ಟೆ. ಪಾತ್ರ ನನಗೇ ಉಳಿಯಿತು. "ಇದಪ್ಪಾ ನಿಜವಾದ ಅಭಿನಯ!" ಅಂತ ಮೇಡಂ ಬೆನ್ನು ತಟ್ಟಿದರು. ಅದು ಅಭಿನಯವೋ ಇನ್ನೇನೋ, ನನಗಂತೂ ಗೊತ್ತಾಗುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರೂ ನಮ್ಮ ಹಿರಿಯರೂ ನಿಮ್ಮನ್ನು ಕಾಯಲಿ.

ನಿಮ್ಮವಳೇ,
ಸಿಕೆತಿವೆ

ತಾ.ಕ.: ಇದನ್ನ ನಿಮಗೆ ಬರೆಯಬಾರದು ಅಂತ ಅಮ್ಮ ಆಣೆ ಹಾಕಿಸಿದ್ದಾರೆ, ಆದರೂ ಬರೀತಿದ್ದೀನಿ. ಆ ಬುಧವಾರ ಇನ್ನೂ ಹತ್ತಿರ ಹೋಗಿ ಅಮ್ಮನ ಮುಖ ನೋಡಿದೆ. ಎರಡು ಕಣ್ಣಿಗೂ ಬಿಳಿ ಪೊರೆ ಬಂದಿದೆ. ನಾನು ಎದುರಿಗೇ ಇದ್ದೆ, ಅವರು ಬಾಗಿಲ ಕಡೆ ತಿರುಗಿ, "ಸಿಕೆತಿವೆ, ಎಲ್ಲಿ ಹಾಳಾಗಿ ಹೋದೆಯೇ?" ಅಂತ ಕೂಗಿದರು. ಮಸುಕಾಗುತ್ತಾ ಬಂದು, ಈಗ ಬರೀ ಬೆಳಕು ಕಾಣುತ್ತದಂತೆ. ಬೇಗ ಬನ್ನಿ, ಆಸ್ಪತ್ರೆಗೆ ಕರಕೊಂಡು ಹೋಗೋಣ. ನನಗ್ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ ಅಮ್ಮ, "ಒಂದೇ ಮನೇಲಿ ಇದ್ದೀಯಲ್ಲೇ, ನೀನೇ ನೋಡ್ತೀಯ ಅಂತ ಕಾಯ್ತಿದ್ದೆ," ಅಂದರು.