ಪೆಟ್ರೋಲಿಗೂ ವಯಸ್ಸಾಗುತ್ತದೆ ಎಂಬ ಸಾಲನ್ನು ಹೊಡೆದು ಹಾಕಿದವರಿಗೆ

ವಾಹನಗಳ ಇಂಧನ ಚೀಟಿಗೆ ಸಹಿ ಹಾಕುವ ಮಾನ್ಯ ಮುಖ್ಯಾಧಿಕಾರಿಗಳೇ,

ಇಂದು ಬೆಳಿಗ್ಗೆ ಬಸ್ಸಿಗೆಂದು ಹೊರಟ ನನ್ನ ಚಿಕ್ಕಮ್ಮ, ಗೇಟಿನ ಪಕ್ಕ ನಿಂತಿದ್ದ ತಮ್ಮ ಕಾರಿನ ಬಳಿ ಒಂದು ಗಳಿಗೆ ನಿಂತರು. ಹಿಂದಿನ ಗಾಜಿಗೆ ಅಂಟಿಸಿದ ನಿಮ್ಮ ಕಚೇರಿಯ ಹಸಿರು ಚೀಟಿಯ ಒಂದು ಮೂಲೆ ಬಿಸಿಲಿಗೆ ಎದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಕೂರಿಸಿ, ಸೆರಗಿನಿಂದ ಒರೆಸಿ, ನಡೆದು ಹೋದರು. ಆ ಚೀಟಿಯನ್ನು ನಂಬಿದ್ದಕ್ಕೇ ಹತ್ತೊಂಬತ್ತು ವರ್ಷದ ಅವರ ಕೆಲಸ ಮುಂದಿನ ಸೋಮವಾರ ಹೋಗುವುದರಲ್ಲಿದೆ. ಆದರೂ ಸರ್ಕಾರದ ಮುದ್ರೆ ಇರುವ ಕಾಗದ ಹರಿದು ನೇತಾಡಬಾರದು ಎಂಬ ಮರ್ಯಾದೆ ಅವರಲ್ಲಿ ಇನ್ನೂ ಉಳಿದಿದೆ. ನಿಮ್ಮಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಈ ಪತ್ರ ಬರೆಯುತ್ತಿದ್ದೇನೆ.

ಇದು ಬಹಿರಂಗ ಪತ್ರ, ಓದುವ ಉಳಿದವರಿಗೂ ತಿಳಿಯಲಿ. ಚಿಕ್ಕಮ್ಮ ಮನೆಮನೆಗೆ ಹೋಗುವ ನರ್ಸ್. ಆಪರೇಷನ್ ಆಗಿ ಮನೆಗೆ ಬಂದವರ ಗಾಯ ತೊಳೆದು ಕಟ್ಟುವುದು, ದೇಹಕ್ಕೆ ಹಾಕಿದ ನಳಿಗೆ ಬದಲಿಸುವುದು, ಸೂಜಿ ಹಾಕುವುದು ಅವರ ಕೆಲಸ. ಅವರ ಕಾರಿಗೆ ಎರಡು ಜೀವ. ಮನೆಯ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ತುಂಬಿಕೊಳ್ಳುವ ಬ್ಯಾಟರಿ ಒಂದು, ನಲವತ್ತೈದು ಕಿಲೋಮೀಟರಿನವರೆಗೆ ಅದೇ ಸಾಕು. ಅದು ಮುಗಿದರೆ ಕೈಹಿಡಿಯಲು ಪೆಟ್ರೋಲ್ ಎಂಜಿನ್ ಇನ್ನೊಂದು. ನಿಮ್ಮ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಹೀಗಿದೆ: ‘ದಿನದ ಓಡಾಟಕ್ಕೆ ಪೆಟ್ರೋಲ್ ಬೇಡ. ದೂರಕ್ಕೆ ಎಂಜಿನ್ ಸದಾ ಸಿದ್ಧ.’

ಸದಾ ಸಿದ್ಧ! ಆ ಎರಡು ಪದ ನಿಮ್ಮವು. ಉಳಿದದ್ದು ನನ್ನದು. ಹೌದು ಮಾನ್ಯರೇ, ಪ್ರಕಟಣೆ ವಿಭಾಗದಲ್ಲಿ, ಝೆರಾಕ್ಸ್ ಯಂತ್ರದ ಹಿಂದೆ, ಗೋಡೆಗೆ ಮುಖ ಮಾಡಿ ಕೂರುವ ಗುತ್ತಿಗೆ ನೌಕರಳು ನಾನು. ಎಂಜಿನಿಯರುಗಳು ಬರೆದದ್ದನ್ನು ಮನುಷ್ಯರು ಓದುವ ಹಾಗೆ ಮಾಡುವುದು ನನ್ನ ಕೆಲಸ. ಎರಡು ವರ್ಷದಲ್ಲಿ ನೀವು ಒಮ್ಮೆಯೂ ನನ್ನ ಹೆಸರು ಕೇಳಿಲ್ಲ. “ಏನಮ್ಮಾ ಸಾಹಿತ್ಯ, ಆಯ್ತಾ?” ಎನ್ನುತ್ತೀರಿ. ನಾನು ತಲೆಯಾಡಿಸುತ್ತೇನೆ. ನಮ್ಮ ನಡುವಿನ ಸಂಭಾಷಣೆ ಇಷ್ಟೇ.

ಆ ಚೀಟಿಯ ಕರಡಿನಲ್ಲಿ ನಾನು ಮೂರನೆಯ ಸಾಲೊಂದನ್ನು ಬರೆದಿದ್ದೆ. ಪರೀಕ್ಷಾ ವರದಿಯನ್ನು ಎರಡು ಸಲ ಓದಿ, ಅರ್ಥವಾಗದ್ದನ್ನು ಪ್ರಯೋಗಾಲಯದವರಲ್ಲಿ ಕೇಳಿ, ಬರೆದ ಸಾಲು ಅದು: ‘ಪೆಟ್ರೋಲಿಗೂ ವಯಸ್ಸಾಗುತ್ತದೆ, ತಿಂಗಳಿಗೊಮ್ಮೆ ಎಂಜಿನ್ ಓಡಿಸಿ, ಆರು ತಿಂಗಳಾದರೂ ಖರ್ಚಾಗದಿದ್ದರೆ ಹಳೆಯದನ್ನು ತೆಗೆಸಿ ಹೊಸದು ಹಾಕಿಸಿ.’ ಕರಡು ನಿಮ್ಮ ಕೋಣೆಗೆ ಹೋಗಿ ಬಂದಾಗ ಆ ಸಾಲಿನ ಮೇಲೆ ಹಸಿರು ಶಾಯಿಯ ಗೆರೆ ಎಳೆದಿತ್ತು. ಅಂಚಿನಲ್ಲಿ ನಿಮ್ಮ ಮುದ್ದಾದ ಕೈಬರಹ: ‘ಕೊಳ್ಳುವವರನ್ನು ಹೆದರಿಸುವುದು ಬೇಡ.’ ನಾನು ಬಾಗಿಲ ಬಳಿ ನಿಂತು ಏನೋ ಹೇಳಲು ಹೋದೆ. “ಚೀಟಿ ಚೀಟಿ ಥರ ಇರ್ಬೇಕಮ್ಮಾ. ಕಾದಂಬರಿ ಬರೀಬೇಡಿ,” ಎಂದಿರಿ. ಒಳಗಿದ್ದ ಕಾರು ಕಂಪನಿಯವರು ನಕ್ಕರು. ನಾನೂ ನಕ್ಕೆ. ಆ ನಗು ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾನು ಸಾಹಿತ್ಯ ಓದಿದವಳು. ತಿದ್ದುವುದೆಂದರೆ ತಪ್ಪನ್ನು ತೆಗೆಯುವುದು ಎಂದೇ ನಮಗೆ ಕಲಿಸಿದ್ದು. ನೀವು ಹೊಡೆದು ಹಾಕಿದಿರಿ ಎಂದಮೇಲೆ ಅದು ಸುಳ್ಳೋ ಅತಿಯಾಯಿತೋ ಇರಬೇಕು, ನನಗಿಂತ ತಿಳಿದವರು ನೋಡಿದ್ದಾರಲ್ಲ ಎಂದುಕೊಂಡೆ. ಪ್ರಯೋಗಾಲಯ ಹೇಳಿದ್ದಕ್ಕಿಂತ ನಿಮ್ಮ ಹಸಿರು ಗೆರೆಯನ್ನು ಹೆಚ್ಚು ನಂಬಿದೆ. ಎಷ್ಟು ನಂಬಿದೆನೆಂದರೆ, ಚಿಕ್ಕಮ್ಮ ಕಾರಿನ ಅಂಗಡಿಯಲ್ಲಿ ಆ ಚೀಟಿಯ ಮೇಲೆ ಬೆರಳಿಟ್ಟು “ಇದು ನೀನು ಬರ್ದಿದ್ದೇನೇ?” ಎಂದು ಕೇಳಿದಾಗ ಹೆಮ್ಮೆಯಿಂದ ಹೂಂ ಎಂದೆ. “ಹಂಗಾದ್ರೆ ಮುಗೀತು ಬಿಡಿ, ಇದನ್ನೇ ಕೊಡಿ,” ಎಂದು ಅವರು ಅಂಗಡಿಯವನಿಗೆ ಹೇಳಿದರು. ಹೊಡೆದು ಹಾಕಿದ ಸಾಲಿನ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ.

ಅಂಗಡಿಯವನೇ ತುಂಬಿಸಿ ಕೊಟ್ಟಿದ್ದ ಪೆಟ್ರೋಲ್ ಟ್ಯಾಂಕಿನಲ್ಲಿ ಹಾಗೇ ಕೂತಿತ್ತು. ಚಿಕ್ಕಮ್ಮನ ಓಡಾಟವೆಲ್ಲ ಊರೊಳಗಿನದು. ಪೆಟ್ರೋಲ್ ಸುಡದೆ ಎಷ್ಟು ದಿನವಾಯಿತೆಂದು ಫ್ರಿಜ್ಜಿನ ಬಾಗಿಲ ಮೇಲೆ ದಿನಾ ಬರೆಯುತ್ತಿದ್ದರು. ಮನೆಗೆ ಬಂದವರು ನೀರು ಕೇಳುವ ಮೊದಲು ಆ ಅಂಕಿ ಓದಬೇಕಿತ್ತು. ಆರೇಳು ತಿಂಗಳ ನಂತರ ಕಾರಿನ ಪರದೆಯಲ್ಲಿ ‘ಇಂಧನ ನಿರ್ವಹಣೆ ಅಗತ್ಯ: ಈಗ / ನಂತರ’ ಎಂದು ಬರಲು ಶುರುವಾಯಿತು. “ನೋಡಿದ್ಯಾ? ಈ ಕಂಪನಿಯೋರೂ ಬಂಕಿನೋರೂ ಒಳಗೊಳಗೇ ಒಂದಾಗಿದ್ದಾರೆ ಕಣೇ. ನಂಗೆ ಪೆಟ್ರೋಲ್ ಹಾಕ್ಸೋಕೆ ನೋಡ್ತಾರೆ,” ಎಂದು ಚಿಕ್ಕಮ್ಮ ದಿನಾ ‘ನಂತರ’ ಒತ್ತಿದರು. ‘ಈಗ’ ಒತ್ತಿದರೆ ಎಂಜಿನ್ ಓಡುತ್ತದೆ, ರೋಗಿ ಮಲಗಿರುವ ಮನೆಯ ಮುಂದೆ ಅದನ್ನು ಗುರುಗುಟ್ಟಿಸಲು ಅವರಿಗೆ ಮನಸ್ಸಿರಲಿಲ್ಲ. ಎಷ್ಟು ದಿನ ಬೇಕಾದರೂ ‘ನಂತರ’ ಎನ್ನಲು ಬಿಡುವ ಆ ಗುಂಡಿಗೂ ಅನುಮೋದನೆ ಕೊಟ್ಟವರು ನೀವೇ ಅಲ್ಲವೇ? ಮುಂದೂಡುವುದು ನಿಮ್ಮ ಕಚೇರಿಗೆ ಅಸಹಜವೆನಿಸದಿದ್ದರೆ ಆಶ್ಚರ್ಯವಿಲ್ಲ ಬಿಡಿ.

ನಾನೂರ ಹನ್ನೆರಡನೆಯ ದಿನ ಜೊತೆಯ ನರ್ಸ್ ರಜೆ ಹಾಕಿದ್ದರಿಂದ ಚಿಕ್ಕಮ್ಮ ಐವತ್ತೆಂಟು ಕಿಲೋಮೀಟರ್ ದೂರದ ಗುಡ್ಡದ ಮೇಲಿನ ಮನೆಯೊಂದಕ್ಕೆ ಹೋಗಬೇಕಾಯಿತು. ಅಲ್ಲಿ ನಿವೃತ್ತ ಮೇಷ್ಟರೊಬ್ಬರು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಅವರ ನಳಿಗೆ ಕಟ್ಟಿಕೊಂಡಿತ್ತು. ದಾರಿ ಮುಕ್ಕಾಲು ಕಳೆದ ಮೇಲೆ ಬ್ಯಾಟರಿ ಮುಗಿಯಿತು. ‘ಸದಾ ಸಿದ್ಧ’ ಎಂಜಿನ್ ಎದ್ದಿತು, ಕೆಮ್ಮಿತು, ಎರಡು ಸಲ ಜಗ್ಗಿತು, ಏರಿನ ನಡುವೆ ನಿಂತುಬಿಟ್ಟಿತು. ಮಧ್ಯಾಹ್ನದ ಬಿಸಿಲಿನಲ್ಲಿ ಔಷಧಿ ಪೆಟ್ಟಿಗೆ ಹೊತ್ತು ಚಿಕ್ಕಮ್ಮ ನಡೆಯತೊಡಗಿದರು. ಲಾರಿಯೊಂದು ಹತ್ತಿಸಿಕೊಂಡು ಅಲ್ಲಿಗೆ ಮುಟ್ಟಿಸುವಷ್ಟರಲ್ಲಿ ಮೂರು ಗಂಟೆ ತಡವಾಗಿತ್ತು. ಮೇಷ್ಟರನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಅವರು ಬದುಕಿದರು, ಆದರೆ ಹನ್ನೊಂದು ದಿನ ಅಲ್ಲೇ ಉಳಿಯಬೇಕಾಯಿತು. ಅವರ ಮಗಳು ದೂರು ಕೊಟ್ಟರು. ನಾನಾಗಿದ್ದರೂ ಕೊಡುತ್ತಿದ್ದೆ.

ಟ್ಯಾಂಕ್ ಬಿಚ್ಚಿದ ಮೆಕ್ಯಾನಿಕ್ ಒಳಗಿದ್ದದ್ದನ್ನು ಒಂದು ಬಟ್ಟಲಿನಲ್ಲಿ ಹಿಡಿದು ಚಿಕ್ಕಮ್ಮನ ಮೂಗಿನ ಬಳಿ ತಂದ. “ಮೂಸಿ ನೋಡಿ ಅಕ್ಕಾ. ಇದು ಪೆಟ್ರೋಲಾ? ಬಾಗಿಲಿಗೆ ಬಳಿಯೋ ವಾರ್ನಿಷ್ಷು!”

“ಒಂದು ಹನಿನೂ ಖರ್ಚು ಮಾಡಿರ್ಲಿಲ್ಲಪ್ಪಾ,” ಎಂದರು ಚಿಕ್ಕಮ್ಮ. ಆಗಲೂ ಅದು ತಮ್ಮ ಒಳ್ಳೆಯತನವೆಂದೇ ಅವರಿಗೆ ಅನಿಸುತ್ತಿತ್ತು.

“ಅದೇ ಎಡವಟ್ಟು. ಎಂಜಿನ್ ಅಂದ್ರೆ ಶೋಕೇಸಲ್ಲಿ ಇಡೋ ಗೊಂಬೆನಾ? ಆಗಾಗ ಓಡ್ಸಿ ಅಂತ ಯಾರೂ ಹೇಳ್ಲಿಲ್ವಾ ನಿಮ್ಗೆ?”

ಪಕ್ಕದಲ್ಲೇ ನಿಂತಿದ್ದ ನನ್ನ ಕಡೆ ಚಿಕ್ಕಮ್ಮ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಹೇಳಿದೆಯಲ್ಲ ಎನ್ನುತ್ತೀರಿ. ಹೇಳಿದೆ, ಮುನ್ನೂರ ನಲವತ್ತೇಳನೆಯ ಪುಟದಲ್ಲಿ, ಮಕ್ಕಳ ಸೀಟಿನ ಪಟ್ಟಿ ತೊಳೆಯುವ ವಿಧಾನದ ಕೆಳಗೆ. ವಿಪರೀತ ಚಳಿಯಲ್ಲಿ ಹೀಟರ್ ಹಾಕಿದರೆ, ಏರಿನಲ್ಲಿ ಆಕ್ಸಿಲರೇಟರ್ ಜೋರಾಗಿ ತುಳಿದರೆ, ಬ್ಯಾಟರಿ ತುಂಬಿದ್ದರೂ ಎಂಜಿನ್ ತಾನಾಗಿ ಶುರುವಾಗಬಹುದು ಎಂಬುದೂ ಅಲ್ಲೇ ಇದೆ. ಮಾಮೂಲಿ ಪೆಟ್ರೋಲ್ ಸಾಲದು, ಮೇಲಿನ ದರ್ಜೆಯದೇ ಆಗಬೇಕು ಎಂಬುದೂ ಇದೆ. ಅಂದರೆ ಪೆಟ್ರೋಲ್ ಬೇಡದ ಈ ಕಾರಿಗೆ ಪೆಟ್ರೋಲಿನ ವಿಷಯದಲ್ಲಿ ಇಷ್ಟೆಲ್ಲ ಬೇಕು! ಇದು ಕಾರಿನ ಮೇಲಿನ ದೂರಲ್ಲ. ಆಪತ್ತಿಗೆಂದು ಇಟ್ಟ ಎಂಜಿನ್ ಆಪತ್ತಿನ ದಿನ ಏಳಬೇಕಾದರೆ ಆಪತ್ತಿಲ್ಲದ ದಿನಗಳಲ್ಲೂ ಅದನ್ನು ನೋಡಿಕೊಳ್ಳಬೇಕು, ಇದು ಯಾರಿಗೂ ಅರ್ಥವಾಗುವ ಮಾತು. ಚೀಟಿಯಲ್ಲಿ ಮೂರನೆಯ ಸಾಲಿಗೆ ಜಾಗವಿತ್ತು. ಈಗ ಅಲ್ಲಿ ಒಂದು ಎಲೆಯ ಚಿತ್ರವಿದೆ. ಎಲೆ ಯಾರನ್ನೂ ಹೆದರಿಸುವುದಿಲ್ಲ, ಒಪ್ಪುತ್ತೇನೆ. ಏರಿನ ನಡುವೆ ಒಂಟಿಯಾಗಿ ನಿಂತ ನರ್ಸ್ ಹೆದರಿದರೆ ಅದು ಯಾರ ಲೆಕ್ಕಕ್ಕೆ?

ಇಷ್ಟಕ್ಕೇ ನಿಂತಿದ್ದರೆ ನಾನು ಬಹುಶಃ ಎಂದಿನಂತೆ ಸುಮ್ಮನಿರುತ್ತಿದ್ದೆ. ದೂರು ಬಂದ ಮೇಲೆ, ಚಿಕ್ಕಮ್ಮ ಕೆಲಸ ಮಾಡುವ ಕ್ಲಿನಿಕ್ಕಿನವರು ಕಾರಿನ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಿದರು. ನಿಮ್ಮ ಉತ್ತರದ ಕರಡು ‘ಭಾಷೆ ನೋಡಿ ಕೊಡಿ’ ಎಂಬ ಚೀಟಿಯೊಂದಿಗೆ ನನ್ನ ಮೇಜಿಗೇ ಬಂತು. ಚಿಕ್ಕಮ್ಮನ ಹೆಸರಿರಲಿಲ್ಲ, ಅವರ ಕಾರಿನ ನಂಬರ್ ಇತ್ತು. ‘ವಾಹನದಲ್ಲಾಗಲಿ ಚೀಟಿಯಲ್ಲಾಗಲಿ ಯಾವುದೇ ದೋಷವಿರುವುದಿಲ್ಲ. ಘಟನೆಗೆ ಬಳಕೆದಾರರ ನಿರ್ಲಕ್ಷ್ಯವೇ ಕಾರಣ.’ ಎರಡು ಸಲ ನಿಮ್ಮ ಬಾಗಿಲವರೆಗೆ ಬಂದು ಹಿಂದಿರುಗಿದೆ. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ಭಾಷೆ ನೋಡಿ ಕೊಟ್ಟೆ.

ನಿರ್ಲಕ್ಷ್ಯ! ಜ್ವರ ಬಂದಾಗಲೂ ರಜೆ ಹಾಕದ ಹೆಂಗಸಿಗೆ, ಗಾಯದ ಪಟ್ಟಿ ಬಿಚ್ಚುವ ಮುನ್ನ ತಮ್ಮ ಕೈ ತಣ್ಣಗಿದೆಯೇ ಎಂದು ಕೆನ್ನೆಗೆ ಒತ್ತಿ ನೋಡಿಕೊಳ್ಳುವವರಿಗೆ ನೀವು ಕೊಟ್ಟ ಪದ ಅದು. ಆ ಒಂದು ಪದದ ಮೇಲೆ ಸೋಮವಾರ ಕ್ಲಿನಿಕ್ಕಿನಲ್ಲಿ ಅವರ ವಿಚಾರಣೆ ನಡೆಯಲಿದೆ. ಈಗ ಅವರನ್ನು ಯಾವ ಮನೆಗೂ ಕಳಿಸುತ್ತಿಲ್ಲ. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಬ್ಯಾಂಡೇಜ್ ಬಟ್ಟೆ ಮಡಿಸುತ್ತಾರೆ. ನಿನ್ನೆ ಎಲ್ಲವನ್ನೂ ಅವರಿಗೆ ಹೇಳಿದೆ. “ನಿಂಗೆ ಗೊತ್ತಿತ್ತಾ?” ಎಂದು ಕೇಳಿದರು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ನನಗೆ ಮೋಸ ಮಾಡಿದವರು ನೀವು; ಅವರಿಗೆ ಮೋಸ ಮಾಡಿದವರಲ್ಲಿ ನಾನೂ ಒಬ್ಬಳು. ಆದ್ದರಿಂದ ಕೇಳುತ್ತಿದ್ದೇನೆ. ಸೋಮವಾರದ ಒಳಗೆ ಆ ಉತ್ತರವನ್ನು ಹಿಂತೆಗೆದುಕೊಳ್ಳಿ. ಎಚ್ಚರಿಕೆಯ ಸಾಲು ಇತ್ತು, ಅದನ್ನು ತೆಗೆದದ್ದು ನಾವೇ ಎಂದು ಕ್ಲಿನಿಕ್ಕಿಗೆ ಬರೆಯಿರಿ. ಆ ಸಾಲನ್ನು ಚೀಟಿಗೆ ಮರಳಿಸಿ, ಈಗಾಗಲೇ ಕಾರು ಕೊಂಡವರಿಗೆಲ್ಲ ತಿಳಿಸಿ. ‘ಸದಾ ಸಿದ್ಧ’ ಎಂದು ನಂಬಿಕೊಂಡು ಹಳೆಯ ಪೆಟ್ರೋಲಿನ ಮೇಲೆ ನಿಶ್ಚಿಂತೆಯಿಂದ ಕೂತವರು ಇನ್ನೆಷ್ಟು ಮಂದಿಯೋ. ಅವರಲ್ಲಿ ಒಬ್ಬರಿಗೆ ನಾಳೆಯೇ ದೂರದ ಆಸ್ಪತ್ರೆಗೆ ಹೊರಡಬೇಕಾದೀತು.

ತಿದ್ದಿದ ಕರಡುಗಳನ್ನು ಕಡತದಲ್ಲಿ ಜೋಪಾನವಾಗಿ ಇಡುವುದೂ ನನ್ನ ಕೆಲಸವೇ. ನಿಮ್ಮ ಹಸಿರು ಗೆರೆ, ಅಂಚಿನ ಮಾತು, ತಾರೀಖು, ಸಹಿ, ಎಲ್ಲವೂ ಇರುವ ಹಾಳೆ ಅಲ್ಲಿತ್ತು, ಈಗ ನನ್ನ ಚೀಲದಲ್ಲಿದೆ. ಕಚೇರಿಯ ಕಾಗದವನ್ನು ಹೊರಗೆ ತೋರಿಸಿದರೆ ಗುತ್ತಿಗೆ ರದ್ದಾಗುತ್ತದೆ ಎಂದು ಸೇರುವಾಗ ನಾನೂ ಬರೆದುಕೊಟ್ಟಿದ್ದೇನೆ. ನಾಲ್ಕು ಜನರೆದುರು ಮಾತಾಡಬೇಕೆಂದರೆ ನನ್ನ ನಾಲಿಗೆ ಒಣಗುತ್ತದೆ, ಅದನ್ನು ನೀವೂ ನೋಡಿದ್ದೀರಿ. ಇಂದು ಮಧ್ಯಾಹ್ನ ನೀವು ಊಟಕ್ಕೆ ಹೋಗಿದ್ದಾಗ ನಿಮ್ಮ ಮೇಜಿನ ಮೇಲೆ ಸೋಮವಾರದ ರಜೆ ಅರ್ಜಿ ಇಟ್ಟು ಬಂದಿದ್ದೇನೆ. ಕಾರಣ ಎಂಬಲ್ಲಿ ‘ಸಾಕ್ಷಿ ಹೇಳಲು’ ಎಂದು ಬರೆದಿದ್ದೇನೆ. ಮಂಜೂರು ಮಾಡದಿದ್ದರೂ ಹೋಗುತ್ತೇನೆ.

ಇಂತಿ,
ತನ್ನ ಸಾಲಿಗಿಂತ ನಿಮ್ಮ ಗೆರೆಯನ್ನು ನಂಬಿ ಕೆಟ್ಟವಳು