ನಲವತ್ತೆರಡು ಆಜ್ಞೆಗಳ ಆಚೆ

ಮಾರ್ಚ್ ೧೪, ಊಟದ ಬಿಡುವು

ಅಮ್ಮಾ,

ತಪ್ಪೊಪ್ಪಿಗೆಗೆ ಸಹಿ ಹಾಕಿ ಕೆಲಸ ಉಳಿಸಿಕೋ ಎಂದು ನೀನು ಬರೆದ ಪತ್ರ ತಲುಪಿತು. ಹಾಕುವುದಿಲ್ಲ. ಇದನ್ನು ವಿಚಾರಣಾ ಸಮಿತಿಗಿಂತ ಮೊದಲು ನಿನಗೆ ಹೇಳಬೇಕು. ಯಂತ್ರಗಳಿಗೆ ಕೊಡಬಹುದಾದ ನಲವತ್ತೆರಡು ಆಜ್ಞೆಗಳ ಪಟ್ಟಿಯನ್ನು, ನಾನೀಗ ಮೀರಿದ್ದನ್ನು, ಇಲ್ಲಿ ಕೆಲಸದಲ್ಲಿದ್ದಾಗ ಬರೆದವಳು ನೀನೇ ತಾನೆ.

ನಡೆದದ್ದು ಇಷ್ಟು. ಬಾಹ್ಯಾಕಾಶ ನಿಲ್ದಾಣದ ಹೊರಮೈಯಲ್ಲಿ ಮೆಕ್ಯಾನಿಕ್ ಒಬ್ಬರು ಆಂಟೆನಾ ಬದಲಿಸುತ್ತಿದ್ದರು. ಹಳೆಯದನ್ನು ರೋಬೋಟ್ ಹಿಡಿದಿತ್ತು. ನಾವು ಅದನ್ನು ಭಾವ ಎನ್ನುತ್ತೇವೆ. ನಿನ್ನ ಪಟ್ಟಿಯ ಆಜ್ಞೆ ಬಿಟ್ಟರೆ, ಮನೆಯ ಭಾವನ ಹಾಗೆ, ಒಂದು ಪ್ರಶ್ನೆ ಹಾಕದೆ ಅದು ಯಾವ ಕೆಲಸಕ್ಕೂ ಏಳುವುದಿಲ್ಲ. ಇಲ್ಲಿ ಕೆಳಗೆ, ನಿಯಂತ್ರಣ ಕೋಣೆಯ ಮೂರನೇ ಮೇಜಿನಲ್ಲಿ ನಾನಿದ್ದೆ. ರೋಬೋಟ್‌ನ ಹಿಡಿತದಲ್ಲಿ ಮೆಕ್ಯಾನಿಕ್ ಕೈ ಸಿಕ್ಕಿಕೊಂಡಿತು. ನಿನ್ನ ಪಟ್ಟಿಯಲ್ಲಿ ಇದಕ್ಕೆ ಇರುವುದು ಎರಡೇ ಮಾತು. ‘ನಿಲ್ಲು’ ಎಂದರೆ ಹಿಡಿತ ಬಿಗಿದು ಲಾಕ್ ಆಗುತ್ತದೆ. ‘ಬಿಡು’ ಎಂದರೆ ಅದರ ಮೂರೂ ಬೆರಳು ಒಟ್ಟಿಗೆ ತೆರೆದು ಆಂಟೆನಾ ಚಿಮ್ಮಿ ಅವರ ಮುಖಕ್ಕೇ ಬಡಿಯುತ್ತದೆ.

ಅದಕ್ಕೇ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದೆ. ನೋಡು ಭಾವ, ಅವರ ಕೈ ಸಿಕ್ಕಾಕೊಂಡಿದೆ, ಆಂಟೆನಾ ಬಿಡಬೇಡ, ಅವರ ಕಡೆ ಬೆರಳು ಮಾತ್ರ ಸಡಿಲ ಮಾಡು ಅಂದೆ. ಎಷ್ಟು ಅಂತ ಕೇಳಿತು. ನನ್ನನ್ಯಾಕೆ ಕೇಳ್ತೀಯ, ಅವರನ್ನೇ ಕೇಳು ಅಂದೆ. ಕೇಳಿತು. ಇನ್ನೊಂಚೂರು, ಹಾಂ, ಸಾಕು ಪುಣ್ಯಾತ್ಮ ಅಂತ ಅವರು ಅಂದದ್ದು ನನ್ನ ಕಿವಿಗೂ ಬಿತ್ತು.

ಗಾಬರಿಯಲ್ಲಿ ನಿಯಮ ಮೀರಿದೆ ಎಂದು ನಾನೀಗ ಬರೆದುಕೊಡಬೇಕಂತೆ. ಯಂತ್ರದ ಜತೆ ಹರಟೆ ಹೊಡೆಯೋಕೆ ನಿಮಗೆ ಸಂಬಳ ಕೊಡ್ತಿಲ್ಲಮ್ಮ ಅಂದರು ಸಮಿತಿಯ ಅಧ್ಯಕ್ಷರು. ಅದಕ್ಕೆ ಮಾತು ಕಲಿಸೋಕೆ ಅಂತ ತರಬೇತಿ ಕೋಣೇಲಿ ಆರು ತಿಂಗಳು ನನ್ನ ಕೈಲಿ ಈ ಹರಟೆ ಹೊಡೆಸಿದ್ದು ನೀವೇ ಅಲ್ವಾ ಸಾರ್ ಅಂದೆ. ಅವರು ನೀರು ಕುಡಿದರು.

ನಿನ್ನ ಪಟ್ಟಿ ಕೆಟ್ಟದ್ದಲ್ಲ. ಹೇಳಿದ್ದನ್ನು ಮಾಡುವ ಯಂತ್ರಗಳಿಗೆ ಬರೆದದ್ದು ಅದು. ಇದು ತಿರುಗಿ ಕೇಳುತ್ತದೆ. ಗಾಬರಿಯೆಂದು ನಾನು ಸಹಿ ಹಾಕಿದರೆ ನಾಳೆ ಈ ಮೇಜಿಗೆ ಬರುವವಳು ಉತ್ತರ ಕೊಡಲು ಹೆದರುತ್ತಾಳೆ. ಕೆಲಸ ಹೋದರೆ ಹೋಗಲಿ. ಅಪ್ಪನಿಗೆ ನೀನೇ ಹೇಳು, ನಿನ್ನ ಮುಂದೆ ಕಡಿಮೆ ಕೂಗಾಡುತ್ತಾರೆ.

ನಿನ್ನಷ್ಟೇ ಹಟದ,
ಮಗಳು

ಮರುಬರಹ: ಒಂದು ವಿಷಯ ಮುಚ್ಚಿಟ್ಟಿದ್ದೆ. ಮೊದಲು ನಾನು ಪಟ್ಟಿಯಂತೆ ‘ನಿಲ್ಲು’ ಎಂದೇ ಹೇಳಿದ್ದೆ. ಹಿಡಿತ ಹನ್ನೊಂದು ಸೆಕೆಂಡು ಬಿಗಿದೇ ಇತ್ತು. ಮೆಕ್ಯಾನಿಕ್ ಅವರ ಎರಡು ಬೆರಳು ಮುರಿದದ್ದು ಆಗ. ಸಮಿತಿ ಅದರ ಬಗ್ಗೆ ಕೇಳಲೇ ಇಲ್ಲ. ಅಲ್ಲಿಯವರೆಗೆ ಎಲ್ಲ ನಿಯಮದ ಪ್ರಕಾರವೇ ನಡೆದಿತ್ತಲ್ಲ. ನಾಳೆ ನಾನು ಬರೆದುಕೊಡುವ ಹೇಳಿಕೆಯಲ್ಲಿ ಒಪ್ಪಿಕೊಳ್ಳುವ ತಪ್ಪು ಆ ‘ನಿಲ್ಲು’ ಒಂದೇ.