ನೂಲು ಬರುವ ಮೊದಲೇ ಕತ್ತರಿಸಿದ ಅಂಗಿಗಳು

ಬಳ್ಳಾರಿ,
30ನೇ ಫೆಬ್ರವರಿ, 2231

ನನಗಿಂತ ಇನ್ನೂರು ವರ್ಷ ಹಿಂದೆ ಗಾರ್ಮೆಂಟ್ ಕಾರ್ಖಾನೆ ನಡೆಸುತ್ತಿರುವ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಪಂಚಾಂಗದ ಲೆಕ್ಕ ಬದಲಾದಾಗ ಫೆಬ್ರವರಿಗೂ ಮೂವತ್ತು ದಿನ ಸಿಕ್ಕವು. ಆದರೂ ಫೆಬ್ರವರಿಯಲ್ಲಿ ಕಳಿಸಬೇಕಾದ ಮಾಲು ಫೆಬ್ರವರಿಯಲ್ಲಿ ಹೋಗುವುದಿಲ್ಲ. ನನ್ನ ಕೆಲವು ಪದಗಳು ನಿಮಗೆ ಹೊಸವು, ಅದಕ್ಕೆ ಕ್ಷಮೆಯಿರಲಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಸಾಮಾನು ಕೈಗೆ ಬರುವ ಮೊದಲೇ ಕೆಲಸ ಶುರುಮಾಡುವ ಈ ಕೆಟ್ಟ ರೂಢಿ ನಮಗೆ ನಿಮ್ಮಿಂದಲೇ ಬಂದದ್ದು.

ನಮ್ಮ ಕಾರ್ಖಾನೆಯಲ್ಲಿ ನೆರಳಂಗಿ ಹೊಲಿಯುತ್ತೇವೆ. ತಣ್ಣೂಲು ಎಂಬ ತಂಪು ಹಿಡಿದಿಡುವ ನೂಲಿನಿಂದ ಹೊಲಿದ ಈ ಅಂಗಿಯೊಳಗೆ ಮೈ ಸುಡುವುದಿಲ್ಲ. ಯುಗಾದಿಯಿಂದ ಸರ್ಕಾರ ಬಿಸಿಲುಬಂದಿ ಹೇರುತ್ತದೆ. ಆಮೇಲೆ ನೆರಳಂಗಿ ಇಲ್ಲದವರು ಹಗಲಿನಲ್ಲಿ ಬಯಲ ಕೆಲಸಕ್ಕೆ ಇಳಿಯುವಂತಿಲ್ಲ. ಇಳಿಯದಿದ್ದರೆ ಕೂಲಿಯಿಲ್ಲ. ಹೋದ ವರ್ಷ ರಾಯಚೂರಿನ ರಸ್ತೆ ಕೆಲಸದವರ ಸಂಘ ನಮಗೆ ಅಂಗಿ ಹೊಲಿಯಲು ಹೇಳಿತು. ನಮ್ಮ ಮಾಲೀಕರು ಪಂಪಾಪತಿ, ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎನ್ನಲಾರರು. ಯುಗಾದಿಗೆ ಮುಂಚೆ ಕೊಡುತ್ತೇವೆಂದು ಒಪ್ಪಿಕೊಂಡುಬಿಟ್ಟರು. ಯಾವ ಕೆಲಸ ಯಾವಾಗ ಆಗಬೇಕೆಂದು ಗೊತ್ತುಮಾಡುವವಳು ನಾನು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಬಟ್ಟೆ ಬಂದ ದಿನವೇ ಕತ್ತರಿಸಲು ಹೇಳಿದರು. ತಣ್ಣೂಲು ಇನ್ನೂ ಬಂದಿಲ್ಲವೆಂದೆ. ಬರುತ್ತದೆ, ಅಷ್ಟರಲ್ಲಿ ಸಾದಾ ನೂಲಿನಲ್ಲಿ ಜೇಬನ್ನಾದರೂ ಹೊಲಿಯಲಿ ಎಂದರು. ಜೇಬು ಮುಗಿದರೂ ತಣ್ಣೂಲು ಬರಲಿಲ್ಲ. ಮಷೀನು ಖಾಲಿ ಇರಬಾರದೆಂದು ಹುಬ್ಬಳ್ಳಿಯ ಮದುವೆ ಉಡುಪಿನ ಆರ್ಡರು ಹಿಡಿದರು. ಅದು ಅರ್ಧಕ್ಕೆ ಬಂದಾಗ ನೂಲು ಬಂತು. ಮದುವೆ ಬಟ್ಟೆ ಮೂಲೆಗೆ ಸರಿಸಿ ನೆರಳಂಗಿಗೆ ಕೂತರು. ಹುಬ್ಬಳ್ಳಿಯವರು ಫೋನಿನಲ್ಲಿ ಕೂಗಾಡಿದ್ದೇ ತಡ, ಮತ್ತೆ ಅದಕ್ಕೆ ಹೊರಳಿದರು. ತೋಳಿಲ್ಲದ ಅಂಗಿ ಒಂದು ಕಡೆ, ಕಾಲರಿಲ್ಲದ ಕುರ್ತಾ ಇನ್ನೊಂದು ಕಡೆ, ನಡೆಯಲು ಜಾಗವಿಲ್ಲ. ಎಲ್ಲರೂ ಬೆವರು ಸುರಿಸಿ ದುಡಿಯುತ್ತಿದ್ದರು. ಪ್ಯಾಕಿಂಗ್ ಮೇಜು ಮಾತ್ರ ಬರಿದಾಗಿತ್ತು.

ಯುಗಾದಿ ಹತ್ತಿರವಾದಾಗ ಸಂಘದ ಖಾಸೀಂಬಿ ತಾವೇ ಬಂದರು. ಬಿಸಿಲಿಗೆ ಕಪ್ಪಿಟ್ಟ ಮುಖದ, ಮೆಲುದನಿಯ ಹೆಂಗಸು. ಪಂಪಾಪತಿ ಚಹಾ ತರಿಸಿ, ನಾಳೆ ಕಳಿಸುತ್ತೇವೆ ಎಂದರು. ಅವರು ಚಹಾ ಮುಟ್ಟದೆ ನನ್ನ ಕಡೆ ತಿರುಗಿದರು.

"ನಾಳಿ ಅನಬ್ಯಾಡ್ರಿ ಯಕ್ಕಾ. ಆಗಲ್ಲಂದ್ರ ಆಗಲ್ಲ ಅನ್ರಿ. ನಿಮ್ಮನ್ನ ನಂಬಿ ಬ್ಯಾರೆ ಕಾರ್ಖಾನಿಯವ್ರಿಗೆ ಬ್ಯಾಡಂತ ಹೇಳಿ ಬಂದೀವಿ."

ನನಗೆ ನಾಚಿಕೆಯಾಯಿತೋ ಸಿಟ್ಟು ಬಂತೋ ಈಗಲೂ ತಿಳಿಯದು. ನೆಟ್ಟಗೆ ಹೊಲಿಗೆ ಹಾಲಿಗೆ ಹೋಗಿ ಕಟಿಂಗ್ ನಿಲ್ಲಿಸಿದೆ. ನೂಲು, ಗುಂಡಿ, ಪಟ್ಟಿ ಎಲ್ಲವೂ ಕೈಗೆ ಬಂದ ಅಂಗಿಗಳನ್ನಷ್ಟೇ ಮುಂದಕ್ಕೆ ಬಿಡಿ, ಉಳಿದದ್ದನ್ನು ಮುಟ್ಟಬೇಡಿ ಎಂದೆ. ಪಂಪಾಪತಿ ಹಿಂದೆಯೇ ಓಡಿ ಬಂದರು.

"ಮಷೀನು ಖಾಲಿ ಕುಂತ್ರೆ ಕಾರ್ಖಾನಿ ನಡೀತದೇನವ್ವ?"

"ಒಂದೂ ಖಾಲಿ ಕುಂತಿಲ್ಲ ಸಾವ್ಕಾರ್ರೇ. ಒಂದು ಅಂಗೀನೂ ಹೊರಗ ಹೋಗಿಲ್ಲ."

ಅವರು ಆ ಬರಿದಾದ ಮೇಜನ್ನೇ ನೋಡುತ್ತ ನಿಂತರು. ಆಮೇಲೆ ಹೊರಟುಹೋದರು. ನಾನು ಹುಬ್ಬಳ್ಳಿಗೆ ಫೋನು ಮಾಡಿ ನಿಜ ಹೇಳಿದೆ. ಬಾಯಿಗೆ ಬಂದಂತೆ ಬೈದು ಆರ್ಡರು ಕಿತ್ತುಕೊಂಡರು. ಖಾಸೀಂಬಿಗೂ ನಿಜ ಹೇಳಿದೆ: ಯುಗಾದಿಗೆ ಅರ್ಧ ಅಂಗಿ ಖಂಡಿತ, ಉಳಿದದ್ದು ವಾರದ ಮೇಲೆ. ಅವರು, ಹಾಗಿದ್ದರೆ ಬೆಳಗಿನ ತಂಡದವರು ತೊಟ್ಟು ಕಳಚಿದ್ದನ್ನು ಮಧ್ಯಾಹ್ನದವರು ತೊಡುತ್ತಾರೆ ಎಂದರು. ಇನ್ನೊಬ್ಬರ ಬೆವರಿನ ಅಂಗಿ. ಕೂಲಿಯೂ ಆ ವಾರ ಅರ್ಧವೇ. ಆದರೆ ಯಾರ ಮನೆಯಲ್ಲೂ ಒಲೆ ಆರಲಿಲ್ಲ. ಹೇಳಿದ ಎರಡೂ ದಿನ ಹೇಳಿದಷ್ಟೂ ಅಂಗಿ ಹೋಯಿತು. ಖಾಸೀಂಬಿ ಹೊಗಳಲಿಲ್ಲ, ಹೊಗಳುವಂಥದ್ದೇನೂ ಇರಲಿಲ್ಲ. ಈ ವರ್ಷದ ಅಂಗಿಗೂ ನಮ್ಮನ್ನೇ ಕೇಳಿದರು, ಅಷ್ಟೆ.

ಇಷ್ಟಾದ ಮೇಲೂ ಇವತ್ತು ಬೆಳಿಗ್ಗೆ ಪಂಪಾಪತಿ ಫೋನಿನಲ್ಲಿ ಯಾರಿಗೋ, ಆಗುತ್ತೆ, ಯಾಕಾಗಲ್ಲ ಎನ್ನುತ್ತಿದ್ದರು. ಕೈಯಿಂದ ಫೋನು ಕಸಿದುಕೊಂಡು, ಸ್ಟೋರು ನೋಡಿ ಸಂಜೆ ಹೇಳುತ್ತೇವೆ ಎಂದು ಇಟ್ಟುಬಿಟ್ಟೆ. ಅದೇ ಬಿಸಿಯಲ್ಲಿ ಈ ಪತ್ರಕ್ಕೆ ಕೂತಿದ್ದೇನೆ. ಅವರಿಗೆ ಹೇಳಿ ಹೇಳಿ ಸಾಕಾಗಿದೆ.

ನೀವಾದರೂ ಕೇಳಿ. ಈಗ ನಿಮ್ಮ ಕಟಿಂಗ್ ಮೇಜಿನ ಮೇಲೆ ಬಟ್ಟೆ ಹಾಸುತ್ತಿರಬಹುದು. ಗುಂಡಿ ಬಂದಿದೆಯೇ, ಒಬ್ಬರನ್ನು ಕಳಿಸಿ ನೋಡಿಸಿ. ಬಂದಿಲ್ಲವೆಂದರೆ ದಯವಿಟ್ಟು ಆ ಬಟ್ಟೆಯನ್ನು ಮಡಚಿಡಿ.

ಇಂತಿ,
ಹುಲಿಗೆಮ್ಮ